ಮನೆ ಮುಂದಿನ ಉಬ್ಬು

ಲೇ ಪ್ರಭುರಾಜ,

ನಾಚಿಕೆಗೇಡಿ, ಕೂತು ಇದನ್ನು ಪೂರಾ ಓದು.

ನಿನ್ನ ಸ್ಪೋರ್ಟ್ಸ್ ಕಾರಿನ ಕ್ಲಬ್ಬಿನವರೆಲ್ಲ ಸೇರಿ ಇಟಗಿ ಗುಡಿಯ ಹತ್ತಿರ ನಿನ್ನ ತಾಯಿಯ ತಾಯಿ ನೀಲಗಂಗಮ್ಮನ ಹುಟ್ಟುಹಬ್ಬ ಮಾಡಿದ ಫೋಟೋವನ್ನು ಪಕ್ಕದ ಮನೆಯ ಭವಾನಿ ತೋರಿಸಿದಳು. ಮುಂದಿನ ಸೀಟಿನಲ್ಲಿ ಕರಿ ಕನ್ನಡಕ ಹಾಕಿಕೊಂಡು ಕೂತಿದ್ದಾಳೆ ಮಹಾರಾಣಿ! ನಾನಿರುವ ಕುಷ್ಟಗಿ ದಾಟಿಯೇ ಹೋದಿರಿ, ನನ್ನ ಮನೆಗೆ ಮಾತ್ರ ಬರಲಿಲ್ಲ. ಯಾಕೆಂದು ಫೋನಿನಲ್ಲಿ ಕೇಳಿದರೆ, "ಆಯಿ, ನಿನ್ನ ಮನಿ ಮುಂದಿನ ರೋಡಿನ ಉಬ್ಬಿಗೆ ಕಾರಿನ ಹೊಟ್ಟಿ ತಾಗತೈತಿ" ಅಂದೆ.

ಆ ಉಬ್ಬು ಹಾಕಿಸಿದವಳು ನಾನೇ. ನೀನು ಸೈಕಲ್ ಕಲಿಯುವಾಗ ಲಾರಿಗೆ ಸಿಗಬಾರದೆಂದು ಪುರಸಭೆಯವರ ಜೊತೆ ಜಗಳಾಡಿದ್ದೆ. ಈಗ ಅಲ್ಲಿ ಭವಾನಿಯ ಮಕ್ಕಳು ಆಡುತ್ತವೆ, ಒಡೆಸುವುದಿಲ್ಲ. ಕಾರನ್ನು ಉಬ್ಬಿನ ಆಚೆ ನಿಲ್ಲಿಸು, ನಾನೇ ನಡೆದು ಬಂದು ಹತ್ತುತ್ತೇನೆ. ಆ ಮಹಾರಾಣಿಯದಕ್ಕಿಂತ ದೊಡ್ಡ ಕನ್ನಡಕ ತಾ.

ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆ.

ನಿನ್ನ ಅಪ್ಪನನ್ನು ಹೆತ್ತ ಆಯಿ,
ಪಂಪಮ್ಮ