ತೆರೆದೇ ಇರಬೇಕಾದ ಕದಗಳು

ಪಾರಂಪರಿಕ ಕಟ್ಟಡಗಳ ಸಂರಕ್ಷಣಾಧಿಕಾರಿಗಳಾದ ಮಾನ್ಯರೇ,

ಬಿರುಗಾಳಿ ಬಂದಾಗ ಕಿಟಕಿಯ ಕದ ಮುಚ್ಚಿಕೊಳ್ಳಲು ನಿಮ್ಮ ಅನುಮತಿ ಸಿಗಲಿಲ್ಲ. ನನ್ನ ಅಕ್ಕನ ಕಣ್ಣು ಹೋಯಿತು. ನಿಮ್ಮ ಕಡತಕ್ಕೆ ಇಷ್ಟು ಸಾಕು. ಉಳಿದದ್ದನ್ನು ನೀವು ಓದುತ್ತೀರೆಂಬ ಆಸೆ ನನಗಿಲ್ಲ. ಪತ್ರಿಕೆ ಓದುವ ನಾಲ್ಕು ಜನರಿಗಾದರೂ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಕಡಲಿಗೆ ಮುಖ ಮಾಡಿದ ನಮ್ಮ ಬೀದಿಯ ಹಳೆಯ ಮನೆಗಳನ್ನು ಪರಂಪರೆಯ ಆಸ್ತಿಯೆಂದು ನೀವು ಘೋಷಿಸಿದಾಗ ನಾವು ಹಿಗ್ಗಿದ್ದು ನಿಜ. ಅಕ್ಕನೂ ನಾನೂ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವರು. ನಾನು ಮಿಷನ್ ತುಳಿಯುವವಳು, ಅವಳು ಬಟ್ಟೆ ಕತ್ತರಿಸಿ ಕಸೂತಿ ಹಾಕುವವಳು. ಹುಟ್ಟಿನಿಂದ ಅವಳ ಎಡಗಣ್ಣು ಮಂಜು. ಕೆಲಸವೆಲ್ಲ ಬಲಗಣ್ಣಿನದು, ಆ ಕಿಟಕಿಯ ಬೆಳಕಿನದು. ಗಾಜಿನ ಹೊರಗಿದ್ದ ಮರದ ಕದಗಳು ಉಪ್ಪುಗಾಳಿಗೆ ಲಡ್ಡಾಗಿದ್ದವು. ಬಿರುಗಾಳಿಗೂ ಜಗ್ಗದಂಥ ಹೊಸ ಕದಗಳನ್ನು ಬಡಗಿಯಿಂದ ಮಾಡಿಸಿದೆವು: ದಪ್ಪ ಹಲಗೆ, ಒಳಗೆ ಉಕ್ಕಿನ ತಗಡು, ಹೊರಗಿನಿಂದ ನೋಡಿದರೆ ಅದೇ ಹಳೆಯ ಹಸಿರು. ನಿಮ್ಮ ಪರಿವೀಕ್ಷಕರು ಬಂದರು, ಮುಟ್ಟಿ ನೋಡಿದರು, ತಲೆದೂಗಿದರು. ಆಮೇಲೆ ಕಡತದಿಂದ ಬೀದಿಯ ಹಳೆಯ ಫೋಟೋ ಒಂದನ್ನು ತೆಗೆದರು.

"ಇದ್ರಲ್ಲಿ ಕದ ತೆರೆದಿದೆಯಲ್ಲಮ್ಮ?"

"ಬಿಸಿಲಲ್ಲಿ ತೆಗೆದ ಫೋಟೋ ಸ್ವಾಮಿ, ತೆರೆದೇ ಇರತ್ತೆ," ಎಂದಳು ಅಕ್ಕ.

"ಹಾಗಾದ್ರೆ ತೆರೆದೇ ಇರಬೇಕು. ಮುಚ್ಚಿದ್ರೆ ಮೂಲರೂಪ ಬದಲಾಗತ್ತೆ."

"ಬಿರುಗಾಳಿ ಬಂದ್ರೆ?"

"ಅರ್ಜಿ ಕೊಡಿ. ಮುಚ್ಚೋಕೆ ಅನುಮತಿ ಕೊಡ್ತಾರೆ."

ಅಕ್ಕ ನಕ್ಕುಬಿಟ್ಟಳು. "ಗಾಳಿಗೂ ಒಂದು ಕಾಗದ ಬರೀತೀರಾ, ಸ್ವಲ್ಪ ತಡೀಪ್ಪಾ ಅಂತ?"

ಅವರು ನಗಲಿಲ್ಲ. ಕದಗಳನ್ನು ಗೋಡೆಗೆ ಒತ್ತಿ, ತಂತಿ ಬಿಗಿದು, ಸೀಲು ಹಾಕಿ ಹೋದರು.

ಆ ತಂತಿ ಕತ್ತರಿಸಬಾರದಿತ್ತೇ ಎಂದು ಈಗ ಎಲ್ಲರೂ ಕೇಳುತ್ತಾರೆ. ಅದಕ್ಕೂ ಹಿಂದಿನ ಗಾಳಿಮಳೆಗೆ ಪಕ್ಕದ ಬೇಕರಿಯವರು ಕತ್ತರಿಸಿದ್ದರಲ್ಲ! ನೀವು ಅವರ ಅಂಗಡಿಗೇ ಬೀಗ ಜಡಿದಿರಿ. ಅವರ ಒಲೆ ಇಂದಿಗೂ ತಣ್ಣಗಿದೆ. ಹೊಟ್ಟೆಪಾಡು ಯಾರನ್ನು ಬಿಟ್ಟಿದೆ, ಹೇಳಿ? ಹಾಗಾಗಿ ಬಿರುಗಾಳಿಯ ಎಚ್ಚರಿಕೆ ಬಂದ ಬೆಳಿಗ್ಗೆ ಅರ್ಜಿ ಹಿಡಿದು ನಿಮ್ಮ ಕಚೇರಿಗೆ ಓಡಿದೆ. ಅಲ್ಲಿ ಜವಾನ ಏಣಿ ಹತ್ತಿ ಕಿಟಕಿಗಳ ಕದಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದ. ನಿಮ್ಮದೂ ಪಾರಂಪರಿಕ ಕಟ್ಟಡವೇ ಅಲ್ಲವೇ, ಮಾನ್ಯರೇ? ಅದರ ಫೋಟೋ ಯಾರೂ ತೆಗೆದಿರಲಿಲ್ಲವೇ?

"ಸಾಹೇಬ್ರು ಮನೆಗೆ ಹೋದ್ರಮ್ಮ, ಗಾಳಿ ಬರ್ತಿದೆಯಲ್ಲ," ಎಂದ ಅವನು. "ನೀವೂ ಹೋಗಿ ಕಿಟಕಿ-ಬಾಗಿಲು ಭದ್ರ ಮಾಡ್ಕೊಳ್ಳಿ." ಒಳ್ಳೆಯ ಮನುಷ್ಯ.

ನಾನು ಮನೆ ಮುಟ್ಟುವಷ್ಟರಲ್ಲಿ ಗಾಜು ಒಡೆದಾಗಿತ್ತು. ತಂಗಿ ಅನುಮತಿ ತಂದೇ ತರುತ್ತಾಳೆಂದು ನಂಬಿ ಅಕ್ಕ ಒಬ್ಬಳೇ ಕಿಟಕಿಗೆ ಹಾಸಿಗೆ ಒತ್ತಿ ಹಿಡಿದು ನಿಂತಿದ್ದಳು. ಗಾಳಿ ಹಾಸಿಗೆಯನ್ನೂ ಅವಳನ್ನೂ ಒಟ್ಟಿಗೇ ಎತ್ತಿ ಎಸೆದಿತ್ತು. ಗಾಜಿನ ಚೂರು ಬಲಗಣ್ಣಿಗೇ ಹೊಕ್ಕಿತ್ತು. ಹೊರಗೆ ಹೊಸ ಕದಗಳ ಮೇಲೆ ಒಂದು ಗೀರೂ ಇರಲಿಲ್ಲ, ನಿಮ್ಮ ಸೀಲು ಅಲುಗಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರೆ. ನೀವು ಆಮೇಲೂ ಹಾಕಗೊಡಲಿಲ್ಲ. ಬದಲಿಗೆ, ಕದಗಳು ಯಥಾಸ್ಥಿತಿಯಲ್ಲಿರುವುದು ಶ್ಲಾಘನೀಯವೆಂದು ಪತ್ರ ಕಳಿಸಿದಿರಿ. ಆ ಶ್ಲಾಘನೆಯನ್ನು ಅಕ್ಕನಿಗೆ ನಾನೇ ಓದಿ ಹೇಳಬೇಕಾಯಿತು.

ನ್ಯಾಯ ಕೇಳುತ್ತಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿ ನನ್ನ ಕೈ ಸೋತಿದೆ. ಬೀದಿಯ ಹೊಸ ಫೋಟೋ ತೆಗೆಸುತ್ತೀರೆಂದು ಕೇಳಿದೆ. ನನ್ನ ಬೇಡಿಕೆ ಒಂದೇ: ಆ ದಿನ ತಂತಿ ಬಿಚ್ಚಿಸಿ, ಬೀದಿಯ ಅಷ್ಟೂ ಮನೆಗಳ ಕದ ಮುಚ್ಚಿಸಿ, ಆಮೇಲೆ ಫೋಟೋ ತೆಗೆಸಿ. ಇನ್ನು ಮುಂದೆ ಬೆಳಕಿಗೆ ಅರ್ಜಿ ಹಾಕಿಕೊಂಡು ಬದುಕುತ್ತೇವೆ. ಬೆಳಕು ತಡವಾಗಿ ಬಂದರೆ ಯಾರ ಕಣ್ಣೂ ಹೋಗುವುದಿಲ್ಲ.

ಇದನ್ನು ಅಕ್ಕನಿಗೆ ಓದಿ ಹೇಳಿದೆ. "ಮನೆಯೆಲ್ಲ ಕತ್ತಲಾಗತ್ತಲ್ಲೇ, ನಿನಗೆ ಹೊಲಿಯೋಕೆ ಕಷ್ಟ," ಎಂದಳು. ಆಮೇಲೆ ಮಡಿಲಲ್ಲಿದ್ದ ಬಟ್ಟೆಯ ಅಂಚು ಸವರುತ್ತಾ, "ನನಗೇನು ಬಿಡು, ತೆರೆದಿದ್ರೂ ಒಂದೇ, ಮುಚ್ಚಿದ್ರೂ ಒಂದೇ," ಎಂದಳು.

ಇಂತಿ,
ನಿಮ್ಮ ಸೀಲನ್ನು ಇಂದಿಗೂ ಮುರಿಯದ,
ಹಸಿರು ಕದದ ಮನೆಯ ತಂಗಿ