ಸಾಲಕ್ಕೆ ಬಂದ ಕೊಂಬು

ಮೇ ೧೧, ಬೆಳಿಗ್ಗೆ

ಪೇಪರು ತಿದ್ದಿ ಮುಗಿಯಿತು. ಮುಖಪುಟದಲ್ಲೇ ಮೂರು ತಪ್ಪು. ಪ್ರೂಫ್ ನೋಡುವ ನೌಕರಿ ಬಿಟ್ಟು ಇಷ್ಟು ವರ್ಷವಾದರೂ ಕೆಂಪು ಪೆನ್ನಿಲ್ಲದೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಸಂಪಾದಕರಿಗೆ ಪತ್ರ ಬರೆಯಬೇಕು. ಬರೆದರೆ ಅದನ್ನೂ ತಪ್ಪಾಗಿಯೇ ಅಚ್ಚು ಹಾಕುತ್ತಾರೆ. ಹಾಕಲಿ.

ಅಷ್ಟರಲ್ಲಿ ತಮ್ಮ ಬಂದ. ಹಿಂದೆ ಅವನ ಮಗಳು, ನಮ್ಮ ಗುಬ್ಬಿ. ಮೊದಲ ಬಸ್ಸಿಗೇ ಹತ್ತಿದ್ದಾರೆ. ಗುಬ್ಬಿಗೆ ಎಂ.ಎಸ್ಸಿ. ಸೀಟು, ಸಂಖ್ಯಾಶಾಸ್ತ್ರ. ಎರಡು ಕಡೆ ಸಿಕ್ಕಿದೆ. ಒಂದು ಇದೇ ಊರಿನ ಹಳೇ ಸರ್ಕಾರಿ ವಿಶ್ವವಿದ್ಯಾಲಯ, ನಾನು ಓದಿದ್ದು. ಇನ್ನೊಂದು ದೂರದ ಖಾಸಗಿಯದು, ಪೂರಾ ಗಾಜಿನ ಕಟ್ಟಡ. ತಮ್ಮನಿಗೆ ಗಾಜೇ ಆಗಬೇಕು. ಫೀಸು ಎಷ್ಟೆಂದು ಕೇಳಿದೆ. ಕೇಳಬಾರದಿತ್ತು.

ಬ್ಯಾಗಿನಿಂದ ಬಣ್ಣದ ಕಾಗದ ತೆಗೆದ. ಬ್ಯಾಂಕಿನದು. ಸೀಟು ಕೊಡುವ ಮೇಜಿನ ಪಕ್ಕದಲ್ಲೇ ಸಾಲ ಕೊಡುವ ಮೇಜು ಹಾಕಿದ್ದರಂತೆ, ಚಾಕಲೇಟು ಸಮೇತ.

"ಅಂಗಡಿ ಪತ್ರ ಒತ್ತೆ ಇಟ್ರೆ ಆಯ್ತು ಅಕ್ಕ. ಎರಡು ಸೈನು, ಅಷ್ಟೇ."

ಅಂಗಡಿ ಎಂದರೆ ಅವನ ಮೋಟಾರ್ ವೈಂಡಿಂಗ್ ಅಂಗಡಿ. ಅವನಿಗೆ ಇರುವುದೇ ಅದೊಂದು.

ಕಾಗದ ನೋಡಿದೆ. ದಪ್ಪ ಅಕ್ಷರ — 'ನಿಮ್ಮ ಮಕ್ಕಳ ಕನಸಿಗೆ ಸುಲಭ ಸಾಲು.' ಸಾಲ ಅಲ್ಲ, ಸಾಲು! ಕೈ ತಾನಾಗಿ ಕೆಂಪು ಪೆನ್ನಿಗೆ ಹೋಯಿತು. ಕೊಂಬನ್ನು ಹೊಡೆದು ಹಾಕಿದೆ.

"ಏನಾಯ್ತು?"

"ಸಾಲಕ್ಕೂ ಕೊಂಬು ಬಂದಿದೆ ನೋಡೋ ಈ ಕಾಲದಲ್ಲಿ."

ಗುಬ್ಬಿ ನಕ್ಕಳು. ಅವನು ನಗಲಿಲ್ಲ.

ಮೇ ೧೨

ಗುಬ್ಬಿಯ ಫೋನು. ಮಾತು ಪಿಸುಪಿಸು.

"ಅತ್ತೆ, ಅಪ್ಪಂಗೆ ಹೇಳ್ಬೇಡಿ. ನಾನು ಎಂ.ಎಸ್ಸಿ. ಮಾಡಲ್ಲ. ಇನ್ಶೂರೆನ್ಸ್ ಆಫೀಸಲ್ಲಿ ಕೆಲಸಕ್ಕೆ ಕರೆದಿದ್ದಾರೆ. ಹೋಗ್ತೀನಿ."

"ಯಾಕೆ?"

"ಸಾಲ ಮಾಡಿ ಓದಿದ್ರೆ ಮುಗಿಸಿದ ಮಾರನೇ ದಿನದಿಂದ ಕಂತು ಕಟ್ಬೇಕು. ಯಾವ ಕೆಲಸ ಸಿಕ್ರೆ ಅದಕ್ಕೆ ಹೋಗ್ಬೇಕು. ಆ ಕೆಲಸಕ್ಕೆ ಈಗ್ಲೇ ಹೋದ್ರೆ ಅಂಗಡಿನಾದ್ರೂ ಉಳಿಯುತ್ತೆ."

ಲೆಕ್ಕ ಸರಿಯಾಗಿದೆ. ಅದೇ ಸಿಟ್ಟು ಬರಿಸಿದ್ದು. ಇಂಥ ಲೆಕ್ಕ ಬರುವ ಹುಡುಗಿಗೆ ಓದು ಬೇಡವೆಂದು ಅದೇ ಲೆಕ್ಕ ಹೇಳುತ್ತಿದೆ. ನಮ್ಮ ಕಾಲದಲ್ಲಿ ಓದುವುದಕ್ಕೆ ಹಣವಿರಲಿಲ್ಲ, ನಿಜ. ಆದರೆ ಬಡತನ ನಮ್ಮದೇ ಆಗಿತ್ತು, ಅದಕ್ಕೆ ಬೇರೆ ಯಾರೋ ಬಡ್ಡಿ ತಿನ್ನುತ್ತಿರಲಿಲ್ಲ. ಇದನ್ನು ಪತ್ರದಲ್ಲಿ ಬರೆಯಬೇಕು. ಕೊನೆಯ ವಾಕ್ಯ ಚೆನ್ನಾಗಿದೆ.

ಅವಳಿಗೆ ಅಂದೆ — "ಸೀಟಿಗೆ ಫೀಸು ಕಟ್ಟೋಕೆ ತಿಂಗಳ ಕೊನೆವರೆಗೂ ಟೈಮಿದೆ. ಆ ಆಫೀಸಿನೋರಿಗೆ ಹೂಂ ಅನ್ಬೇಡ, ಊಹೂಂ ಅನ್ಬೇಡ. ಸುಮ್ನಿರು."

ಮೇ ೧೫, ಸಂಜೆ

ಗುಬ್ಬಿಯನ್ನು ಕರೆಸಿಕೊಂಡು ನನ್ನ ಹಳೇ ವಿಶ್ವವಿದ್ಯಾಲಯಕ್ಕೆ ಹೋದೆ. ಗೇಟಿನಿಂದ ಗ್ರಂಥಾಲಯದವರೆಗೆ ಅದೇ ಸಾಲುಮರ. ನಾನು ಓದುವಾಗ ಹೆಗಲೆತ್ತರ ಇದ್ದವು, ಈಗ ಆಕಾಶ ಕಾಣುವುದಿಲ್ಲ. ಮೆಟ್ಟಿಲ ಮೇಲೆ ಕೂತು ಒಂದೇ ಪುಸ್ತಕವನ್ನು ಮೂವರು ಓದುತ್ತಿದ್ದೆವು. ಎಡಗಡೆಯವಳದು ನಿಧಾನ. ಅವಳು ಹೂಂ ಅನ್ನದೆ ಪುಟ ತಿರುವುವಂತಿರಲಿಲ್ಲ. ಬೆಂಚುಗಳೂ ಅವೇ. ಕಾಲು ಮಾತ್ರ ಹೊಸದು.

ಆಫೀಸಿನಲ್ಲಿ ಗುಮಾಸ್ತ. ಫೀಸಿಗೆ ದುಡ್ಡಿಲ್ಲದವರು ಏನು ಮಾಡುತ್ತಾರೆ ಎಂದು ಕೇಳಿದೆ.

"ಸಾಲ ಮಾಡ್ತಾರೆ ಮೇಡಂ."

"ಅದು ನನಗೂ ಗೊತ್ತು. ಸಾಲ ಮಾಡದೇ ಇರೋರು?"

ತಲೆ ಕೆರೆದುಕೊಂಡು ನೋಟಿಸ್ ಬೋರ್ಡ್ ತೋರಿಸಿದ. ಬೋರ್ಡಿನ ಮುಂದೆ ಬೀರು. ಬೀರುವಿನ ಹಿಂದಕ್ಕೆ ಗುಬ್ಬಿ ನುಸುಳಿ, ಮೊಬೈಲಿನ ಬೆಳಕು ಹಿಡಿದು ಓದಿದಳು. ಮೊದಲ ವರ್ಷದ ಡಿಗ್ರಿ ಮಕ್ಕಳಿಗೆ ಲೆಕ್ಕದ ಲ್ಯಾಬ್ ನಡೆಸಿಕೊಟ್ಟರೆ ಎಂ.ಎಸ್ಸಿ. ಫೀಸು ಪೂರ್ತಿ ಮಾಫಿ, ಮೇಲೆ ಸ್ವಲ್ಪ ಭತ್ಯೆ.

"ಇದಕ್ಕೆ ಯಾರೂ ಅರ್ಜಿ ಹಾಕಲ್ಲ ಮೇಡಂ."

"ಯಾಕಪ್ಪ?"

"ಯಾರಿಗೂ ಗೊತ್ತೇ ಇಲ್ವಲ್ಲ."

ಬೀರು ಸರಿಸಿ ಎಂದೆ. ಅದಕ್ಕೆ ಟಿಪ್ಪಣಿ ಹೋಗಬೇಕಂತೆ. ಟಿಪ್ಪಣಿ ನಾನೇ ಬರೆದುಕೊಟ್ಟು ಬಂದೆ.

ಗುಬ್ಬಿ ಅರ್ಜಿ ಹಾಕಿದಳು. ಸಂದರ್ಶನ ಇಪ್ಪತ್ತೆಂಟಕ್ಕೆ.

ಮನೆಗೆ ಬಂದು ತಮ್ಮನಿಗೆ ಫೋನು ಮಾಡಿದೆ. ಉರಿದುಬಿದ್ದ.

"ಮಗಳನ್ನ ಓದಿಸೋ ತಾಕತ್ತಿಲ್ಲ ಅಂತ ಊರಿಗೆಲ್ಲ ಸಾರ್ತೀಯಾ?"

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದೆ ಅಷ್ಟೇ ಕಣೋ."

"ನಾನು ಹಾಸಿಗೇನೇ ದೊಡ್ಡದು ಮಾಡಿಸ್ತೀನಿ ಅಂತಿದ್ದೀನಿ."

"ಬಾಡಿಗೆ ಹಾಸಿಗೆ ಅದು. ಮಲಗಿದಷ್ಟು ಹೊತ್ತೂ ಮೀಟರ್ ಓಡುತ್ತೆ."

ಇಟ್ಟುಬಿಟ್ಟ. ಚಿಕ್ಕಂದಿನಲ್ಲೂ ಹೀಗೆಯೇ, ಸೋಲುವ ಮೊದಲೇ ಆಟ ಬಿಟ್ಟು ಏಳುತ್ತಿದ್ದ.

ಮೇ ೧೯

ಬೈಂಡಿಂಗ್ ಅಂಗಡಿಯವನು ಒಂದು ಪ್ರಬಂಧ ಕಳಿಸಿದ್ದಾನೆ. ಪಿಎಚ್.ಡಿ.ಯದು, ಇಟ್ಟಿಗೆಯಷ್ಟು ದಪ್ಪ. ಈಗಲೂ ಇಂಥ ಕೆಲಸ ಬರುತ್ತಿರುತ್ತದೆ, ಪುಟಕ್ಕಿಷ್ಟು ಎಂದು. ಮೊದಲ ಪುಟದಲ್ಲೇ ಕೊಂಬು ಬಿಟ್ಟುಹೋದ ಪದ. ಮೇಷ್ಟ್ರು ನೆನಪಾದರು.

ಮೇಷ್ಟ್ರು ಎಂದರೆ ಪಾಠ ಹೇಳಿದವರಲ್ಲ. ಪ್ರೆಸ್ಸಿನಲ್ಲಿ ನನಗಿಂತ ಹಿರಿಯ ಪ್ರೂಫ್ ರೀಡರು, ಎಲ್ಲರ ಬಾಯಲ್ಲೂ ಕೊಂಬಿನ ಮೇಷ್ಟ್ರು. ಆಗ ಅಚ್ಚುಮೊಳೆ ಸವೆದಂತೆಲ್ಲ ಮೊದಲು ಉದುರುತ್ತಿದ್ದದ್ದು ಕೊಂಬು. ಒಂದು ಸಲ 'ರಸ್ತೆಯುದ್ದಕ್ಕೂ ಸಾಲುಮರ ನೆಡಲಾಯಿತು' ಎನ್ನುವುದು 'ಸಾಲಮರ' ಆಗಿ ಬಂದಿತ್ತು. ಮೇಷ್ಟ್ರು ಒದ್ದೆ ಪ್ರೂಫನ್ನು ಬೆಳಕಿಗೆ ಹಿಡಿದು ಹೇಳಿದರು — "ಸಾಲಮರ ನೆಟ್ರೆ ನೆರಳು ಬರಲ್ಲ ಕಣಮ್ಮ, ಬಡ್ಡಿ ಬರುತ್ತೆ." ಮೊಳೆ ಜೋಡಿಸುವವರೆಲ್ಲ ಕೆಲಸ ನಿಲ್ಲಿಸಿ ನಕ್ಕರು.

ಹಗಲು ನನಗೆ ಎಂ.ಎ. ಕ್ಲಾಸು, ಸಂಜೆ ಪ್ರೆಸ್ಸು. ಸಾಲಿಗಿಷ್ಟು ಎಂದು ಕೂಲಿ. ಓದಿದ ಸಾಲೇ ಫೀಸು. ಹೊಸಬಳಾದ ನನಗೆ ಸಿಗುತ್ತಿದ್ದುದು ಮದುವೆ ಕಾಗದ, ಕರಪತ್ರ. ಅದರಲ್ಲಿ ಸಾಲೆಷ್ಟಿರುತ್ತದೆ? ಪರೀಕ್ಷೆ ಫೀಸು ಕಟ್ಟುವ ತಿಂಗಳು ಹತ್ತಿರ ಬಂದಾಗಲೆಲ್ಲ ಮೇಷ್ಟ್ರು ಕಣ್ಣುಜ್ಜಿಕೊಳ್ಳುತ್ತಿದ್ದರು. "ಕಣ್ಣು ಮಂಜು ಕಣಮ್ಮ. ಇದೊಂದಿಷ್ಟು ನೀನೇ ನೋಡಿಬಿಡು." ಅರ್ಧ ಕಟ್ಟು ನನ್ನ ಮೇಜಿಗೆ ಬರುತ್ತಿತ್ತು. ಇಡೀ ಕಾದಂಬರಿಗಳು ಹಾಗೇ ಬಂದವು. ಓದುತ್ತ ಓದುತ್ತ ನನಗೆ ಫೀಸೂ ಬಂತು, ಭಾಷೆಯೂ ಬಂತು. ಪಾಪ, ಮುದುಕರು, ಕಣ್ಣು ಹೋಗುತ್ತಿದೆ ಎಂದು ಮರುಗುತ್ತಿದ್ದೆ.

ಎಂ.ಎ. ಮುಗಿದ ಮೇಲೆ ಹಣ್ಣು ತೆಗೆದುಕೊಂಡು ಅವರ ಮನೆಗೆ ಹೋದೆ. ಮುಸ್ಸಂಜೆ. ಇನ್ನೂ ದೀಪ ಹಾಕಿರಲಿಲ್ಲ. ಮೇಷ್ಟ್ರು ಜಗಲಿಯಲ್ಲಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಕನ್ನಡಕವಿಲ್ಲ. ನನ್ನ ಕಣ್ಣೆದುರಿಗೇ ಸೂಜಿಗೆ ದಾರ ಪೋಣಿಸಿದರು, ಒಂದೇ ಸಲಕ್ಕೆ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

"ಈಗ ಸ್ವಲ್ಪ ಪರವಾಗಿಲ್ಲ ಕಣಮ್ಮ," ಅಂದರು.

ಜಗಲಿಯ ಆ ಮಬ್ಬು ಬೆಳಕು ಇನ್ನೂ ಹಾಗೇ ಇದೆ ಕಣ್ಣಲ್ಲಿ. ಮನೆ ಇಲ್ಲ ಈಗ. ಅಲ್ಲಿ ಕಾರು ನಿಲ್ಲಿಸುತ್ತಾರೆ.

ಮೇ ೨೮

ಆಯ್ಕೆ ಆದಳು! ವಿಭಾಗದ ಮುಖ್ಯಸ್ಥೆ ಅವಳನ್ನು ಬೋರ್ಡಿಗೆ ಕಳಿಸಿ ಪಾಠ ಮಾಡಿಸಿ ನೋಡಿದರಂತೆ. ಫೀಸು ಮಾಫಿ. ಇರುವುದು ನನ್ನ ಮನೆಯ ಮುಂದಿನ ಕೋಣೆಯಲ್ಲಿ. ಅಂಗಡಿ ಪತ್ರ ಟ್ರಂಕಿನಲ್ಲೇ ಉಳಿಯಿತು. ತಮ್ಮನಿಗೆ ಹೇಳಿದರೆ "ಹೂಂ" ಎಂದ. ಒಂದೇ ಹೂಂ.

ಇನ್ನು ಉಳಿದದ್ದು ಕಂಪ್ಯೂಟರ್, ಪುಸ್ತಕ, ಬಸ್ ಪಾಸು. ಭತ್ಯೆ ಕೈಗೆ ಬರುವುದು ಯಾವ ಕಾಲಕ್ಕೋ. ನಾನು ಕೊಡುತ್ತೇನೆ ಎಂದೆ. ಬೇಡ ಎಂದಳು.

"ಸಾಲ ಅಂತ ತಗೊಳ್ಳೇ."

"ಸಾಲ ಬೇಡ ಅಂತಾನೇ ಅಲ್ವಾ ಇಷ್ಟೆಲ್ಲ."

"ಹಾಗಾದ್ರೆ ಸುಮ್ನೆ ತಗೋ."

"ಸುಮ್ನೆ ಕೊಟ್ಟಿದ್ದೂ ಸಾಲಾನೇ ಅತ್ತೆ. ಬಡ್ಡಿ ಕಣ್ಣಿಗೆ ಕಾಣಲ್ಲ ಅಷ್ಟೇ. ಇದೊಂದಕ್ಕೆ ದಾರಿ ಆಗ್ಲಿಲ್ಲ ಅಂದ್ರೆ ಇನ್ಶೂರೆನ್ಸ್ ಆಫೀಸೇ ಗತಿ."

ಮೂಗಿನ ತುದಿಯಲ್ಲೇ ಸ್ವಾಭಿಮಾನ. ಯಾರನ್ನು ಹೋತಿದ್ದಾಳೋ. ತಮ್ಮ ಹೇಳುವುದು ನನ್ನನ್ನಂತೆ.

ಮೇ ೨೯

ಹೇಳಿಯೇಬಿಟ್ಟೆ.

ಪ್ರಬಂಧದ ಕಟ್ಟು ಮುಂದಿಟ್ಟುಕೊಂಡು, ಕಣ್ಣುಜ್ಜಿಕೊಂಡು — "ಯಾಕೋ ಕಣ್ಣು ಮಂಜು ಕಣೆ. ಈ ಅರ್ಧ ನೀನೇ ನೋಡಿಬಿಡು. ಪುಟದ ಲೆಕ್ಕದ ದುಡ್ಡು ನಿಂದು."

ಗುಬ್ಬಿ ಗಾಬರಿಯಾದಳು. "ಯಾವಾಗಿಂದ ಅತ್ತೆ?"

"ಮೊನ್ನೆಯಿಂದ."

ಸುಳ್ಳು ಹೇಳುವಾಗ ಮೇಷ್ಟ್ರ ದನಿಯೇ ಬಂತು. ಕೆಂಪು ಪೆನ್ನು ಕೊಟ್ಟೆ. ಕೂತಳು. ಕೊಂಬು ಎಲ್ಲಿ ಉದುರುತ್ತದೆ, ಒತ್ತಕ್ಷರ ಎಲ್ಲಿ ಮೋಸ ಮಾಡುತ್ತದೆ, ಹೇಳಿಕೊಟ್ಟೆ. ಸಂಜೆಯೊಳಗೆ ನಾನು ಬಿಟ್ಟಿದ್ದ ಒಂದು ತಪ್ಪನ್ನೂ ಹಿಡಿದಳು. ಅದು ಮಾತ್ರ ನಿಜವಾಗಿಯೂ ಕಂಡಿರಲಿಲ್ಲ.

ಇನ್ಶೂರೆನ್ಸ್ ಆಫೀಸಿಗೆ ಊಹೂಂ ಹೇಳಿಯಾಯಿತು.

ಜುಲೈ ೧೬

ಎಷ್ಟು ದಿನವಾಯಿತು ಇದನ್ನು ತೆರೆದು. ಮನೆಯಲ್ಲಿ ಇನ್ನೊಬ್ಬರ ಚಪ್ಪಲಿ ಇದ್ದರೆ ದಿನ ಹೇಗೆ ಓಡುತ್ತದೆ! ಕೋಣೆಯಲ್ಲಿ ಗುಬ್ಬಿ ಸೂತ್ರಗಳನ್ನು ಜೋರಾಗಿ ಓದಿಕೊಳ್ಳುತ್ತಾಳೆ, ನಾವು ಪ್ರೂಫನ್ನು ಅಲ್ಪವಿರಾಮ ಪೂರ್ಣವಿರಾಮ ಎಂದು ಕೂಗಿ ಓದುತ್ತಿದ್ದಂತೆ. ಒಮ್ಮೊಮ್ಮೆ ಅರೆನಿದ್ದೆಯಲ್ಲಿ ನಾನೇ ಪ್ರೆಸ್ಸಿನಲ್ಲಿದ್ದೇನೆ ಅನ್ನಿಸುತ್ತದೆ. ಶಾಯಿ ವಾಸನೆ ಸಹಿತ.

ಇವತ್ತು ತಮ್ಮ ಬಂದಿದ್ದ. ವಿಭಾಗ ನೋಡಿಕೊಂಡು ಬಂದ. "ಸುಣ್ಣ ಕಂಡು ಯಾವ ಕಾಲ ಆಯ್ತೋ ಆ ಗೋಡೆ," ಎಂದ. ಕಾಫಿ ಲೋಟ ಕೆಳಗಿಟ್ಟು, "ಫ್ಯಾನುಗಳು ಕಿರ್ ಅಂತಾವೆ. ನಾನೇ ಒಂದಿನ ಬಂದು ನೋಡ್ತೀನಿ." ಅವನ ಭಾಷೆಯಲ್ಲಿ ಇದು ಒಪ್ಪಿಗೆ ಪತ್ರ. ಮೇ ತಿಂಗಳಲ್ಲಿ ಇಲ್ಲೇ ಬಿಟ್ಟುಹೋಗಿದ್ದ ಬ್ಯಾಂಕಿನ ಕಾಗದ ಅವನ ಕಣ್ಣಿಗೆ ಬಿತ್ತು. ನಾಲ್ಕು ಮಡಿಕೆ ಮಾಡಿ ಅಲುಗುವ ಮೇಜಿನ ಕಾಲಿಗೆ ಕೊಟ್ಟ. ಮೇಜು ನಿಂತಿತು.

ಜುಲೈ ೧೯

ಗುಬ್ಬಿ ಹಠ ಹಿಡಿದು ಕಣ್ಣಿನ ಡಾಕ್ಟರಲ್ಲಿ ಹೆಸರು ಬರೆಸಿದ್ದಳು. ಅವಳು ಲ್ಯಾಬಿನಲ್ಲಿರುವ ಹೊತ್ತು ನೋಡಿ ಒಬ್ಬಳೇ ಹೋಗಿಬಂದೆ. ಗೋಡೆಯ ಮೇಲಿನ ಕೊನೆ ಸಾಲನ್ನೂ ಓದಿದೆ. ಅದರ ಕೆಳಗೆ ಅಚ್ಚು ಹಾಕಿದವರ ವಿಳಾಸವಿತ್ತು, ಅದನ್ನೂ ಓದಿದೆ. ಡಾಕ್ಟರು ಕೇಳಿದರು — "ಮತ್ತೆ ಯಾಕಮ್ಮ ಬಂದ್ರಿ?"

"ಮನೇಲಿ ಮಂಜು."

ಮನೆಗೆ ಬಂದು "ನಿಗಾ ಇಡಬೇಕಂತೆ" ಎಂದೆ. ಹೇಳಿದ್ದು ಯಾರು ಎಂದು ಅವಳು ಕೇಳಲಿಲ್ಲ.

ಆಗಸ್ಟ್ ೬, ಸಂಜೆ

ಗುಬ್ಬಿಗೆ ಮೊದಲ ಭತ್ಯೆ ಬಂತು. ಕಂಪ್ಯೂಟರಿಗೆ ಪ್ರಬಂಧಗಳ ದುಡ್ಡೇ ಸಾಕಾಗಿದೆ. ಹಾಗಾಗಿ ಭತ್ಯೆಯಲ್ಲಿ ನನಗೊಂದು ಭೂತಗನ್ನಡಿ ತಂದಿದ್ದಾಳೆ, ಮರದ ಹಿಡಿಯದು.

"ಪ್ರಬಂಧಕ್ಕಲ್ಲ ಅತ್ತೆ, ಅದು ಹೇಗೂ ನಾನು ನೋಡ್ತೀನಿ. ನೀವು ಬೆಳಿಗ್ಗೆ ಬೆಳಿಗ್ಗೆ ಪೇಪರ್ ತಿದ್ದೋಕೆ."

ಅಯ್ಯೋ. ಪೇಪರು! ದಿನಾ ಅವಳ ಎದುರಿಗೇ ಕೂತು, ಕೆಂಪು ಪೆನ್ನು ಹಿಡಿದು, ಮೂರನೇ ಪುಟದ ಹರಾಜು ನೋಟಿಸಿನವರೆಗೂ... ಮೇಷ್ಟ್ರು ನನ್ನಷ್ಟು ದಡ್ಡರಿರಲಿಲ್ಲ.

"ಬೆಳಗಿನ ಹೊತ್ತು ಸ್ವಲ್ಪ ಪರವಾಗಿಲ್ಲ ಕಣೆ," ಎಂದೆ.

"ಹೌದಾ ಅತ್ತೆ," ಎಂದು ಮುಖ ತಿರುಗಿಸಿದಳು. ಭುಜ ಕುಲುಕುತ್ತಿತ್ತು. ಈಗ ಮುಂದಿನ ಕಟ್ಟು ತರಲು ಬೈಂಡಿಂಗ್ ಅಂಗಡಿಗೆ ಹೋಗಿದ್ದಾಳೆ. ಅಂದರೆ ಕೆಲಸ ಬಿಡುವುದಿಲ್ಲ. ಅಂದರೆ ನನ್ನ ಕಣ್ಣು ಇನ್ನೂ ಎರಡು ವರ್ಷ ಮಂಜಾಗಿಯೇ ಇರಬೇಕು.

ಗೇಟಿನ ಸದ್ದು. ಬಂದಳು. ಕಣ್ಣು ಕಾಣದವಳು ದೀಪವನ್ನೂ ಹಾಕದೆ ಇಷ್ಟು ಸಣ್ಣ ಅಕ್ಷರದಲ್ಲಿ ಬರೆಯುತ್ತ ಕೂತಿದ್ದು ಕಂಡರೆ... ಭೂತಗನ್ನಡಿ ಎಲ್ಲಿಟ್ಟೆ —