‘ಚರ್ಚಿಸಿ’ ಎಂದು ಬರೆದ ಕಡತ

ಜೂನ್ 3
ಬೆಳಗಿನಿಂದ ಅದೇ ಟಿಪ್ಪಣಿ, ಮೂರನೇ ಸಲ ಟೈಪಾಯಿತು. ಅಕ್ಕ ನರ್ಸ್ ಆಗಿರುವುದೂ ಸೇರಿ ರಾಜ್ಯದ ಡಯಾಲಿಸಿಸ್ ಘಟಕಗಳದ್ದು. ಇಲ್ಲಿಯವರೆಗೆ ಖರ್ಚಿನ ಹತ್ತು ರೂಪಾಯಿಯಲ್ಲಿ ಒಂಬತ್ತು ಕೇಂದ್ರದ್ದು. ಇನ್ನು ಮುಂದೆ ಆರೇ. ಉಳಿದ ನಾಲ್ಕಕ್ಕೆ ರಾಜ್ಯ ಒಪ್ಪಬೇಕು. ಈ ತಿಂಗಳ ಹದಿನಾಲ್ಕರೊಳಗೆ ಉತ್ತರ ಹೋಗದಿದ್ದರೆ ನಮಗೆ ಯೋಜನೆ ಬೇಡವೆಂದೇ ಲೆಕ್ಕ. ಸುಧಾರಣೆಯಂತೆ, ಸುಧಾರಣೆ! ಒಪ್ಪಬಹುದು ಎಂದು ಬರೆದು ಸಾಹೇಬರಿಗೆ ಕಳಿಸಿದೆ.

ಜೂನ್ 5
ಕಡತ ವಾಪಸ್. ಅಂಚಿನಲ್ಲಿ ಹಸಿರು ಶಾಯಿ: ‘ಚರ್ಚಿಸಿ’. ಅಂದರೆ ಎದುರು ನಿಂತು ಮಾತಾಡುವವರೆಗೆ ಅದು ಕದಲುವಂತಿಲ್ಲ. ಕಳೆದ ವಾರ ಸಾಹೇಬರು ಎಲ್ಲರೆದುರು, “ನಿಮಗೆ ಕೂಡಿಸೋಕಾದ್ರೂ ಬರುತ್ತೇನ್ರೀ?” ಅಂದಿದ್ದರು. ಮೈಯೆಲ್ಲ ಉರಿದುಹೋಗಿತ್ತು. ಕರೆಯಲಿ, ಆಮೇಲೆ ಹೋಗುತ್ತೇನೆ.

ಜೂನ್ 9
ಕರೆದಿಲ್ಲ. ಕಾರಿಡಾರಿನಲ್ಲಿ ಸಿಕ್ಕರು... ಅವರು ಫೋನ್ ನೋಡಿದರು, ನಾನು ಗೋಡೆ ನೋಡಿದೆ.
ಅಕ್ಕನ ಫೋನ್. “ನಮ್ಮ ಫೈಲು ನಿಮ್ಮ ಆಫೀಸಿಗೇ ಬಂದಿದ್ಯಂತೆ? ಹಾಗಿದ್ರೆ ನಮಗೇನು ಚಿಂತೆ ಬಿಡು!” ಹೂಂ ಅಂದೆ.

ಜೂನ್ 12, ಮಧ್ಯಾಹ್ನ
ಹಟ ಬಿಟ್ಟು ಹೋದೆ. ಕೋಣೆಗೆ ಬೀಗ! ಕೇಂದ್ರ ಕರೆದ ತೆರಿಗೆ ಪಾಲಿನ ಸಭೆಗೆ ದೇಶದ ರಾಜಧಾನಿಗೆ ಹೋಗಿದ್ದಾರೆ, ಬರುವುದು ಹದಿನಾರಕ್ಕೆ. ಅವರ ಪಿ.ಎ. ಹೇಳಿದಳು, “ವಾರವೆಲ್ಲ ಇಲ್ಲೇ ಇದ್ರಲ್ಲ ಮೇಡಂ. ನೀವೇ ಬರ್ತೀರಿ ಅಂತ ಕಾಯ್ತಿದ್ರು.”
ಅಲ್ಲೇ ನಿಂತು ಸಾಹೇಬರಿಗೆ ಫೋನ್ ಮಾಡಿದೆ. “ಫೋನಲ್ಲಿ ಎಂಥ ಚರ್ಚೆ? ಎರಡು ದಿನ ತಡ ಆದ್ರೆ ಕೇಂದ್ರದೋರು ತಲೆ ತೆಗೀತಾರೇನ್ರೀ?” ಅಂದು ಇಟ್ಟರು.

ಜೂನ್ 16
ಚರ್ಚೆ ಆಯಿತು. ಎರಡೇ ನಿಮಿಷ. ಸಹಿ ಹಾಕಿದರು. ಕೇಂದ್ರಕ್ಕೆ ಇಮೇಲ್ ನಾನೇ ಕಳಿಸಿದೆ. ಗಳಿಗೆಗೊಮ್ಮೆ ಉತ್ತರ ಬಂತೇ ಎಂದು ನೋಡುತ್ತಿದ್ದೇನೆ.

ಜೂನ್ 23
ಕೇಂದ್ರದಿಂದ ಉತ್ತರ ಬಂತು, ಒಂದೇ ಸಾಲು. ಅವಧಿ ಮುಗಿದಿದೆ, ನಿಮ್ಮ ಘಟಕಗಳನ್ನು ಬೇರೆ ರಾಜ್ಯಕ್ಕೆ ಕೊಡಲಾಗಿದೆ. ಸಾಹೇಬರು “ಛೇ” ಅಂದು ಮುಂದಿನ ಕಡತ ತೆಗೆದರು.

ಜುಲೈ 8, ಸಂಜೆ
ಅಕ್ಕ ಬಂದಿದ್ದಳು. ಘಟಕ ಮುಚ್ಚಿತು. ಕೆಲಸ ಹೋದದ್ದಕ್ಕೆ ಅವಳು ಅಳಲಿಲ್ಲ, ರೋಗಿಗಳನ್ನು ನೆನೆದು ಅತ್ತಳು. ಹತ್ತೊಂಬತ್ತು ಜನ. “ಅವರಲ್ಲೊಬ್ರು ಮೇಷ್ಟ್ರು, ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ನಾಲ್ಕು ತಾಸು ಬಸ್ಸಲ್ಲಿ ಬೇರೆ ಊರಿಗೆ ಹೋಗಿಬರ್ಬೇಕು ಕಣೇ. ಎರಡು ಸಲ ಹೋದ್ರು. ಮೂರನೇ ಸಲ ಮನೆಯಿಂದ ಹೊರಡೋಕೇ ಆಗ್ಲಿಲ್ಲ.”
ಮೂಗೊರೆಸಿಕೊಂಡಳು. “ಯಾವ ಪುಣ್ಯಾತ್ಮ ಆ ಫೈಲ್ ಮೇಲೆ ಕೂತಿದ್ದ? ನೀನು ಅಲ್ಲೇ ಇರ್ತೀಯಲ್ಲ, ಸ್ವಲ್ಪ ವಿಚಾರಿಸಿ ಹೇಳೇ.”
ಅಕ್ಕಾ, ಅಂದೆ. ಮುಖ ಎತ್ತಿ ನೋಡಿದಳು. ಏಳು ದಿನ ಹಟಕ್ಕೆ ಅದರ ಮೇಲೆ ಕೂತಿದ್ದವಳು ನಾನೇ, ಅಂದೆ.